ಒಂದೇ ಲ್ಯಾಪ್‌ಟಾಪ್‌ನಲ್ಲಿ ಕೋಡಿಂಗೂ ಮಂಡಿ ಲೆಕ್ಕವೂ

ತುಮಕೂರಿನಲ್ಲಿ ಇಂಜಿನಿಯರಿಂಗ್ ಪ್ರಾಜೆಕ್ಟ್‌ಗೆ ಲಿನಕ್ಸ್ ಡಿಸ್ಟ್ರೋ (ಲಿನಕ್ಸ್ ಆಧಾರಿತ ಪೂರ್ಣ ಆಪರೇಟಿಂಗ್ ಸಿಸ್ಟಮ್) ಕಟ್ಟುತ್ತಿದ್ದೀರಿ. ನಿಮ್ಮ ಕೋಡಿಂಗ್‌ಗೂ ಆಗಬೇಕು, ತಿಪಟೂರಿನಲ್ಲಿ ಕೊಬ್ಬರಿ ಮಂಡಿ ಲೆಕ್ಕ ಬರೆಯುವ ನಿಮ್ಮ ತಂದೆಯವರಿಗೂ ಆಗಬೇಕು. 'ಸುಲಭ ಮೋಡ್', 'ಡೆವಲಪರ್ ಮೋಡ್' ಅಂತ ಎರಡು ಮಾಡಲೇ ಎಂದು ಕೇಳಿದ್ದೀರಿ.

ಬೇಡ. ಇಬ್ಬರೂ ಒಂದೇ ಅಡಿಪಾಯದ ಮೇಲೆ ನಿಂತಿರುವುದೇ ತೊಂದರೆ. ನೀವು ಸುಡೋ (ಅಡ್ಮಿನ್ ಅಧಿಕಾರ) ಬಳಸಿ, ಪಿಪ್ ಎಂಬ ಪೈಥಾನ್ ಇನ್‌ಸ್ಟಾಲರ್‌ನಿಂದ ಸಿಸ್ಟಮ್‌ನ ಪೈಥಾನ್‌ಗೇ ಲೈಬ್ರರಿ ಹಾಕುತ್ತೀರಿ. ಡೆಸ್ಕ್‌ಟಾಪ್‌ನ ಹಲವು ಟೂಲುಗಳು ನೆಚ್ಚಿಕೊಂಡಿರುವುದೂ ಅದೇ ಪೈಥಾನನ್ನು. ಮಾರನೇ ದಿನ ಪ್ರಿಂಟರ್ ಸೆಟ್ಟಿಂಗ್ ತೆರೆಯುವುದೇ ಇಲ್ಲ. 2023ರಲ್ಲಿ ಬಂದ ಡೆಬಿಯನ್ 12 ಎಂಬ ಡಿಸ್ಟ್ರೋದಲ್ಲಿ ಪಿಪ್ ಇಂಥದ್ದಕ್ಕೆ ಒಪ್ಪದಿರುವುದು ಇದಕ್ಕಾಗಿಯೇ.

ನಾನಾದರೆ ಫೆಡೋರಾ ಸಿಲ್ವರ್‌ಬ್ಲೂ ಎಂಬ ಡಿಸ್ಟ್ರೋ ಹಿಡಿದ ದಾರಿ ಹಿಡಿಯುತ್ತೇನೆ. ಅಲ್ಲಿ ಸಿಸ್ಟಮ್‌ನ ಪ್ರೋಗ್ರಾಮ್‌ಗಳಿರುವ ಯುಎಸ್‌ಆರ್ ಡೈರೆಕ್ಟರಿಯನ್ನು ಓದಬಹುದು, ತಿದ್ದಲಾಗದು. ಅಪ್‌ಡೇಟ್ ಬಂದರೆ ಪಕ್ಕದಲ್ಲಿ ಸಿಸ್ಟಮ್‌ನ ಹೊಸ ಪ್ರತಿ ಸಿದ್ಧವಾಗಿ, ಪೂರ್ತಿಯಾದ ಮೇಲಷ್ಟೇ ಬೂಟ್ ಮೆನುವಿಗೆ ಸೇರುತ್ತದೆ. ನಡುವೆ ಕರೆಂಟ್ ಹೋದರೆ, ಬ್ಯಾಟರಿ ಸತ್ತ ಲ್ಯಾಪ್‌ಟಾಪೂ ಹಳೆಯ ಪ್ರತಿಯಲ್ಲಿ ಏಳುತ್ತದೆ. ಡೆಬಿಯನ್‌ನ ಪ್ಯಾಕೇಜ್ ಟೂಲ್ ಎಪಿಟಿಯ ಅಪ್‌ಗ್ರೇಡ್ ಹಾಗೆ ನಿಂತರೆ ಪ್ಯಾಕೇಜುಗಳು ಅರ್ಧಂಬರ್ಧ ಉಳಿಯಬಹುದು. ಅದನ್ನು ಸರಿಪಡಿಸುವ ಟರ್ಮಿನಲ್ ಕಮಾಂಡನ್ನು ತಂದೆಯವರಿಗೆ ಫೋನಿನಲ್ಲಿ ಹೇಳಿಕೊಡುವುದು ಕಷ್ಟ. "ಬೂಟ್ ಮೆನುವಿನ ಎರಡನೇ ಸಾಲಿಗೆ ಹೋಗಿ ಎಂಟರ್ ಒತ್ತಿ" ಎನ್ನುವುದು ಸುಲಭ. ದುಪ್ಪಟ್ಟು ಜಾಗವೂ ಬೇಕಿಲ್ಲ, ಈ ಪ್ರತಿಗಳನ್ನು ನಿಭಾಯಿಸುವ ಓಎಸ್‌ಟ್ರೀ ಬದಲಾಗದ ಫೈಲುಗಳನ್ನು ಹಾರ್ಡ್‌ಲಿಂಕ್ ಮಾಡಿಡುತ್ತದೆ, ಅಂದರೆ ಎರಡೂ ಪ್ರತಿಗಳಿಗೆ ಡಿಸ್ಕ್‌ನಲ್ಲಿ ಒಂದೇ ಫೈಲ್.

ಕಂಪೈಲರ್, ಡೇಟಾಬೇಸ್ ಎಲ್ಲ ಟೂಲ್‌ಬಾಕ್ಸ್ ಕಂಟೇನರ್ (ಮೂಲ ಸಿಸ್ಟಮ್ ಮುಟ್ಟದೆ ಟೂಲುಗಳನ್ನು ಹಾಕಿಕೊಳ್ಳುವ ಬೇರೆ ಆವರಣ) ಒಳಗಿರಲಿ; ಕೆಟ್ಟರೆ ಅಳಿಸಿ ಇನ್ನೊಂದು ಮಾಡಿಕೊಳ್ಳಿ. ಎಡವುವುದು ಇಲ್ಲೇ: ಟೂಲ್‌ಬಾಕ್ಸ್ ಒಳಗೆ ಕಾಣುವುದು ನಿಮ್ಮ ಅಸಲಿ ಹೋಮ್ ಫೋಲ್ಡರೇ. ಒಳಗೆ ಅಳಿಸಿದ್ದು ಹೊರಗೂ ಹೋಯಿತು. ಹಾಗಾಗಿ ಮಂಡಿ ಲೆಕ್ಕಕ್ಕೆ ಬೇರೆ ಯೂಸರ್ ಅಕೌಂಟ್ ಇರಲೇಬೇಕು, ಅದಕ್ಕೆ ಸುಡೋ ಕೊಡಬೇಡಿ. 8 ಜಿಬಿ ರ‍್ಯಾಮ್ ಇದ್ದರೆ ನಿಮ್ಮ ಅಕೌಂಟಿನ ಸಿಸ್ಟಮ್‌ಡಿ ಸ್ಲೈಸ್‌ಗೆ (ನಿಮ್ಮ ಪ್ರೋಗ್ರಾಮ್‌ಗಳೆಲ್ಲ ಸೇರಿದ ಗುಂಪಿಗೆ) ಮೆಮೊರಿಮ್ಯಾಕ್ಸ್, ಅಂದರೆ ಮೆಮೊರಿಯ ಮಿತಿ, 5 ಜಿಬಿ ಇಡಿ. ಕೋಡ್ ಬಿಲ್ಡ್ ಮಾಡುವ ಮೇಕ್ -ಜೆ ಕಮಾಂಡನ್ನು ಸಂಖ್ಯೆ ಕೊಡದೆ ಓಡಿಸಿದರೆ ಅದು ಲೆಕ್ಕವಿಲ್ಲದಷ್ಟು ಕೆಲಸಗಳನ್ನು ಒಟ್ಟಿಗೆ ಶುರುಮಾಡುತ್ತದೆ. ಈ ಕಟ್ಟು ಇದ್ದರೆ ಸಾಯುವುದು ನಿಮ್ಮ ಬಿಲ್ಡ್, ಅವರು ತೆರೆದಿಟ್ಟ ಲೆಕ್ಕದ ಫೈಲ್ ಉಳಿಯುತ್ತದೆ.

ಕನ್ನಡ ಟೈಪಿಂಗನ್ನು ಕೊನೆಗೆ ನೋಡೋಣ ಅನ್ನಬೇಡಿ. ನುಡಿ ತಂತ್ರಾಂಶದಲ್ಲಿ ಪಳಗಿದ ಕೈಗೆ ಇನ್‌ಸ್ಕ್ರಿಪ್ಟ್ ಎಂಬ ಬೇರೆ ಕೀಲಿವಿನ್ಯಾಸ ಕೊಟ್ಟರೆ ಒಂದೇ ವಾರದಲ್ಲಿ ಬೇಸತ್ತು ಬಿಡುತ್ತಾರೆ. ನುಡಿಯಲ್ಲಿರುವ ಕಗಪ ಕೀಲಿಮಣೆಯನ್ನೇ ಮೊದಲಿಗಿಡಿ, ಲಿನಕ್ಸ್‌ನ ಟೈಪಿಂಗ್ ವ್ಯವಸ್ಥೆಯಾದ ಐಬಸ್‌ನ ಎಂ17ಎನ್‌ನಲ್ಲಿ ಸಿದ್ಧವಿದೆ. ಹಳೆಯ ನುಡಿ ಫೈಲುಗಳು ಯೂನಿಕೋಡ್ ಅಲ್ಲ. ಆ ಫಾಂಟ್ ಇಲ್ಲದ ಕಡೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಅವನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕವನ್ನು ನಿಮ್ಮ ಡಿಸ್ಟ್ರೋದ ಇಮೇಜ್‌ನಲ್ಲೇ ಸೇರಿಸಿ.

ಎರರ್ ಮೆಸೇಜ್ ಒಂದೇ ಇರಲಿ, ಎರಡು ಪದರದಲ್ಲಿ. ಮೇಲೆ 'ಪ್ರಿಂಟರ್‌ನಲ್ಲಿ ಕಾಗದ ಮುಗಿದಿದೆ', ಅದರಡಿ ಮಡಚಿಟ್ಟ ಕಪ್ಸ್ (ಲಿನಕ್ಸ್‌ನ ಪ್ರಿಂಟಿಂಗ್ ವ್ಯವಸ್ಥೆ) ಲಾಗ್. ಮೇಲಿನದನ್ನು ಓದಿ ನಿಮ್ಮ ತಂದೆಯವರೇ ಕಾಗದ ಹಾಕುತ್ತಾರೆ. ಆಗದಿದ್ದರೆ ಕೆಳಗಿನದನ್ನು ಬಿಡಿಸಿ, ಫೋಟೋ ತೆಗೆದು ನಿಮಗೆ ವಾಟ್ಸಾಪ್ ಮಾಡುತ್ತಾರೆ.