ಮನೆಯ ಫ್ರೆಶ್ ಏರ್ ವೆಂಟಿಲೇಷನ್ ಒಮ್ಮೆ ಬ್ಯಾಲೆನ್ಸ್ ಮಾಡಿದ ಮೇಲೂ ಮತ್ತೆ ಯಾಕೆ ತಪ್ಪುತ್ತದೆ?

ಹೆಚ್ಚಿನ ಸಲ ಕಾರಣ ಕೊಳೆ ತುಂಬಿದ ಫಿಲ್ಟರ್.

ಇಂಥ ವ್ಯವಸ್ಥೆಯಲ್ಲಿ ಒಂದು ಫ್ಯಾನ್ ಹೊರಗಿನ ಗಾಳಿಯನ್ನು ಒಳಗೆ ತರುತ್ತದೆ, ಇನ್ನೊಂದು ಒಳಗಿನದನ್ನು ಹೊರಹಾಕುತ್ತದೆ. ಎರಡರ ಪ್ರಮಾಣವೂ ಹೆಚ್ಚುಕಡಿಮೆ ಒಂದೇ ಇದ್ದರೆ ಅದೇ ಬ್ಯಾಲೆನ್ಸ್. ಹೊರಗಿನ ಧೂಳೆಲ್ಲ ಸಿಕ್ಕಿಕೊಳ್ಳುವುದು ಒಳಬರುವ ಕಡೆಯ ಫಿಲ್ಟರಿನಲ್ಲಿ; ಹಾಗಾಗಿ ಸಾಮಾನ್ಯವಾಗಿ ಅದೇ ಮೊದಲು ಕಟ್ಟಿಕೊಳ್ಳುತ್ತದೆ. ಒಳಬರುವ ಗಾಳಿ ಕುಗ್ಗುತ್ತದೆ, ಹೊರಹೋಗುವುದು ಹಾಗೇ ಇರುತ್ತದೆ.

ಆಗ ಮನೆಯೊಳಗಿನ ಒತ್ತಡ ತುಸು ಇಳಿದು, ಕಡಿಮೆಬಿದ್ದ ಗಾಳಿ ಕಿಟಕಿ ಬಾಗಿಲುಗಳ ಸಂದುಗಳಿಂದ ಸೋಸದೆಯೇ ನುಗ್ಗುತ್ತದೆ. ಬಾಗಿಲ ಸಂದಿಗೆ ಟಿಶ್ಯೂ ಚೂರು ಹಿಡಿದರೆ ಅದು ಒಳಗೆ ವಾಲುವುದು ಕಾಣುತ್ತದೆ. ಮನೆಯಲ್ಲಿ ಹೊಗೆಕೊಳವೆಯ ಗ್ಯಾಸ್ ಗೀಸರ್ ಇದ್ದರಂತೂ ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ: ಹೊರಹೋಗಬೇಕಾದ ಹೊಗೆ, ವಿಷಾನಿಲ ಕಾರ್ಬನ್ ಮಾನಾಕ್ಸೈಡ್ ಸಮೇತ, ಮನೆಯೊಳಗೇ ವಾಪಸ್ ಬರಬಹುದು.

ಆದ್ದರಿಂದ ಕೋಣೆಕೋಣೆಯ ಗಾಳಿಯ ಪ್ರಮಾಣ ಹೊಂದಿಸುವ ವಾಲ್ವ್‌ಗೆ ಕೈಹಾಕುವ ಮೊದಲು ಫಿಲ್ಟರ್ ತೆಗೆದು ನೋಡಿ. 3 ತಿಂಗಳಿಗೊಮ್ಮೆ ನೋಡುವುದು ಒಳ್ಳೆಯ ರೂಢಿ, ಧೂಳು ಹೆಚ್ಚಿದ್ದರೆ ಇನ್ನೂ ಬೇಗ. ಹೊರಗೋಡೆಯ ಜಾಲರಿಯನ್ನು ಮರೆಯಬೇಡಿ. ಎಲೆ, ಹತ್ತಿಯಂಥ ನಾರು ಅಲ್ಲಿ ಪದರಗಟ್ಟಿರುತ್ತದೆ.

ಇನ್ನೊಂದು ಕಾರಣ ನಾವೇ. ಸದ್ದು ಬರುತ್ತದೆಂದು ಮಲಗುವ ಕೋಣೆಯ ವಾಲ್ವ್ ತಿರುಗಿಸಿಬಿಡುತ್ತೇವೆ. ಒಂದನ್ನು ಬಿಗಿ ಮಾಡಿದರೆ ಅಲ್ಲಿನ ಗಾಳಿಯ ಒಂದಷ್ಟು ಪಾಲು ಉಳಿದ ಕೋಣೆಗಳಿಗೆ ಹೋಗುತ್ತದೆ, ಒಟ್ಟು ಪ್ರಮಾಣವೂ ಇಳಿಯುತ್ತದೆ. ಅದಕ್ಕೇ ಗಾಳಿ ಅಳೆಯುವ ಮೀಟರ್ ಹಿಡಿದು ಎಲ್ಲ ವಾಲ್ವ್‌ಗಳನ್ನೂ ಒಂದೆರಡು ಸುತ್ತು ಸರಿಪಡಿಸಬೇಕಾಗುತ್ತದೆ, ಅದೂ ಫಿಲ್ಟರ್ ಶುಚಿಯಾಗಿರುವಾಗ.