ನಾಲ್ಕನೇ ಪುಟದಿಂದ ಮತ್ತೆ ಬರೆಯಿರಿ

ಪ್ರಿಯ ಲೇಖಕರೇ,

ನೀವು ಕಳಿಸಿದ ‘ಮಾನವ ಹಸ್ತಕ್ಷೇಪ ಮತ್ತು ಪರಿಸರ ವ್ಯವಸ್ಥೆ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆವು. ಹಾಗೆಂದು ಎರಡು ಸಾಲಿನ ವಿಷಾದಪತ್ರ ಇಟ್ಟು ವಾಪಸು ಕಳಿಸಲು ಮನಸ್ಸು ಬರಲಿಲ್ಲ. ನಾಲ್ಕನೇ ಪುಟದ ಕೊನೆಯ ಹನ್ನೊಂದು ಸಾಲು ನನ್ನನ್ನು ತಡೆದವು.

ಮೊದಲ ಮೂರು ಪುಟಗಳಲ್ಲಿ ಪ್ರಕೃತಿ ನಮ್ಮ ತಾಯಿ, ಅಮೆಜಾನ್ ಕಾಡು ಭೂಮಿಯ ಶ್ವಾಸಕೋಶ, ಹಿಮ ಕರಗುತ್ತಿದೆ, ಮಾನವನ ದುರಾಸೆಗೆ ಮಿತಿಯಿಲ್ಲ. ಇವನ್ನೆಲ್ಲ ಓದುಗರು ನೂರು ಸಲ ಓದಿದ್ದಾರೆ. ಓದುತ್ತಿರುವಾಗ ನೀವು ಯಾರು, ಎಲ್ಲಿ ನಿಂತು ಇದನ್ನು ಹೇಳುತ್ತಿದ್ದೀರಿ ಎಂಬುದು ನನಗೆ ಕಾಣಲೇ ಇಲ್ಲ. ಆಮೇಲೆ ಇದ್ದಕ್ಕಿದ್ದಂತೆ ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ನಿಮ್ಮ ಅಜ್ಜನ ಮನೆ ಬಂತು. ಸೀಳಿದ ಅಡಿಕೆ ಮರದ ದಬ್ಬೆಯಲ್ಲಿ ಹಿತ್ತಿಲಿಗೆ ಹರಿದು ಬರುತ್ತಿದ್ದ ಅಬ್ಬಿ ನೀರು, ಬೆಟ್ಟದ ಒರತೆಯ ನೀರು ಬಂತು. ‘ಅಜ್ಜ ಹುಡುಗನಾಗಿದ್ದಾಗ ಬೆಟ್ಟ ಬೋಳಾಗಿತ್ತಂತೆ, ಹಳ್ಳ ಮಳೆಗಾಲದವರೆಗೆ ಹರಿಯುತ್ತಿತ್ತಂತೆ. ಈಗ ಬೆಟ್ಟದ ತುಂಬ ಅಕೇಶಿಯಾ, ಹಳ್ಳ ಶಿವರಾತ್ರಿಗೇ ನಿಲ್ಲುತ್ತದೆ’ ಎಂದು ಬರೆದಿದ್ದೀರಿ. ಬರೆದು, ಮುಂದಿನ ವಾಕ್ಯದಲ್ಲೇ ಆಸ್ಟ್ರೇಲಿಯಾದ ಕಾಳ್ಗಿಚ್ಚಿಗೆ ಹೋಗಿಬಿಟ್ಟಿದ್ದೀರಿ.

ನಿಮ್ಮ ಲೇಖನ ಇರುವುದು ಆ ಎರಡು ಸಾಲಿನಲ್ಲಿ. ಉಳಿದ ಪುಟಗಳಲ್ಲಿ ಕಾಡು ಒಂದೋ ಇದೆ, ಇಲ್ಲವೇ ನಾಶವಾಗಿದೆ. ಇಲ್ಲಿ ಮಾತ್ರ ಬೆಟ್ಟ ಮೊದಲಿಗಿಂತ ಹಸಿರಾಗಿದೆ, ಆದರೂ ನೀರು ನಿಂತಿದೆ. ಹಸಿರು ಇದ್ದೂ ಕಾಡು ಮಾಡಬೇಕಾದ ಕೆಲಸ ನಡೆಯದೇ ಇರಬಹುದು ಎಂಬುದನ್ನು ನೀವು ನಿಮ್ಮ ಮನೆಯ ಹಿಂದೆಯೇ ಕಂಡಿದ್ದೀರಿ. ‘ಪರಿಸರ ವ್ಯವಸ್ಥೆಯ ಕಾರ್ಯಗಳು’ ಎಂಬ ಭಾರದ ಮಾತನ್ನು ಒಂಬತ್ತು ಕಡೆ ಬಳಸಿದ್ದೀರಿ. ಯಾವ ಕೆಲಸ, ಅದನ್ನು ಮಾಡುತ್ತಿದ್ದವರು ಯಾರು, ನಿಂತದ್ದು ಯಾವಾಗ ಎಂದು ಒಂದು ಕಡೆಯೂ ಹೇಳಿಲ್ಲ.

ನಿಮ್ಮ ತೋಟದ ತಲೆಭಾಗದಲ್ಲಿ ‘ಜೌಗು ಪ್ರದೇಶ’ ಇತ್ತು ಎನ್ನುತ್ತೀರಿ. ಅಜ್ಜ ಅದನ್ನು ಜೌಗು ಪ್ರದೇಶ ಎಂದಿರಲಾರರು. ನಿಮ್ಮ ಕಡೆ ಅದು ಜಡ್ಡಿ, ರಾಂಪತ್ರೆ ಜಡ್ಡಿ. ಜೋಗದಿಂದ ಹೊನ್ನಾವರಕ್ಕೆ ಹೋಗುವ ದಾರಿಯ ಕತ್ತಲೆಕಾನು ಎಂಬ ಕಾಡಿನಲ್ಲಿ ಅಂಥವು ಇನ್ನೂ ಇವೆ. ಒಮ್ಮೆ ಹೋಗಿ ನಿಂತು ನೋಡಿ. ಕೆಸರಿನಲ್ಲಿ ಉಸಿರಾಡಲೆಂದು ಕೆಲವು ಮರಗಳ ಬೇರು ಮಂಡಿ ಮಡಚಿದಂತೆ ಮೇಲೆದ್ದಿರುತ್ತದೆ, ಕೆಲವಕ್ಕೆ ಕಾಂಡದಿಂದ ಊರುಗೋಲಿನಂಥ ಬೇರುಗಳು ಇಳಿದಿರುತ್ತವೆ. ಜಾಯಿಕಾಯಿ ಕುಟುಂಬದ ಈ ರಾಂಪತ್ರೆ ಮರಗಳ ನಡುವೆ ಗೇರಿನ ನೆಂಟನಾದ ಒಂದು ಮರವೂ ಇದೆ. 2000ದಲ್ಲಷ್ಟೇ ವಿಜ್ಞಾನಿಗಳು ಅದನ್ನು ಹೊಸ ಜಾತಿ ಎಂದು ಗುರುತಿಸಿ, ಅದರ ಹೆಸರಿನೊಳಗೆ ಕತ್ತಲೆಕಾನನ್ನೇ ಸೇರಿಸಿದರು. ಹೆದ್ದಾರಿಯ ಪಕ್ಕದಲ್ಲಿದ್ದೂ ಅಷ್ಟು ಕಾಲ ಯಾರ ಲೆಕ್ಕಕ್ಕೂ ಸಿಕ್ಕಿರಲಿಲ್ಲ.

ಜಡ್ಡಿ ಮಳೆಗಾಲದ ನೀರನ್ನು ಹಿಡಿದಿಟ್ಟುಕೊಂಡು ಬೇಸಿಗೆಯುದ್ದಕ್ಕೂ ಸ್ವಲ್ಪಸ್ವಲ್ಪವೇ ಹಳ್ಳಕ್ಕೆ ಬಿಡುತ್ತದೆ. ಅಲ್ಲಿ ತೋಟ ಮಾಡಬೇಕಾದರೆ ಮೊದಲು ಆಳದ ಕಾದಿಗೆ, ಅಂದರೆ ಬಸಿಗಾಲುವೆ ತೋಡಿ ಆ ನೀರನ್ನು ಬಸಿಯಬೇಕು, ಯಾಕೆಂದರೆ ಅಡಿಕೆಯ ಬುಡದಲ್ಲಿ ನೀರು ನಿಲ್ಲಬಾರದು. ಅಂದರೆ ಎಂಟು ತಿಂಗಳು ಇಳಿಯಬೇಕಾದ ನೀರಿಗೆ ನಾವೇ ಮಳೆಗಾಲದಲ್ಲಿ ದಾರಿ ಮಾಡಿಕೊಟ್ಟ ಹಾಗೆ. ನಿಮ್ಮ ಹಳ್ಳ ಶಿವರಾತ್ರಿಗೆ ನಿಲ್ಲಲು ಇದೂ ಒಂದು ಕಾರಣ ಇರಬಹುದಲ್ಲವೇ? ನೀವು ಕೊಟ್ಟಿರುವ ಕಾರಣ ಒಂದೇ, ‘ಅಕೇಶಿಯಾ ನೀರನ್ನೆಲ್ಲ ಹೀರುತ್ತದೆ’. ಅದು ಊರಿನ ಕಟ್ಟೆಯ ಮೇಲೆ ನಡೆಯುವ ಮಾತು, ಅಚ್ಚಿಗೆ ಸಾಲದು. ಶರಾವತಿ, ಅಘನಾಶಿನಿ ಕಣಿವೆಗಳ ಹಳ್ಳಗಳನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ವರ್ಷಗಟ್ಟಲೆ ಗಮನಿಸಿದ್ದಾರೆ. ಮೇಲಿನ ಇಳಿಜಾರಿನಲ್ಲಿ ಊರಿನದೇ ಜಾತಿಯ ಮರಗಳು ಶೇ 60ಕ್ಕಿಂತ ಹೆಚ್ಚು ಜಾಗದಲ್ಲಿ ಇದ್ದಲ್ಲಿ ಹಳ್ಳ ವರ್ಷವಿಡೀ ಹರಿಯುತ್ತದೆ, ಒಂದೇ ಜಾತಿಯ ನೆಡುತೋಪು ಇದ್ದಲ್ಲಿ ನಡುವೆಯೇ ನಿಲ್ಲುತ್ತದೆ, ಬೋಳು ಗುಡ್ಡದ ಕೆಳಗೆ ಇನ್ನೂ ಬೇಗ ಬತ್ತುತ್ತದೆ ಎಂಬುದು ಅವರು ಕಂಡದ್ದು. ಹಾಗಾದರೆ ಅಜ್ಜನ ಕಾಲದ ಬೋಳು ಬೆಟ್ಟದ ಕೆಳಗೆ ಹಳ್ಳ ಹೇಗೆ ಹರಿಯುತ್ತಿತ್ತು? ಬೋಳು ಎಂದರೆ ಎಷ್ಟು ಬೋಳು? ಜಡ್ಡಿ ಆಗ ಇನ್ನೂ ಉಳಿದಿತ್ತೇ? ನಿಮ್ಮ ಲೇಖನವನ್ನು ಕೊನೆಯವರೆಗೆ ಎಳೆದುಕೊಂಡು ಹೋಗಬಲ್ಲ ಪ್ರಶ್ನೆ ಇದು. ಬಿಡಬೇಡಿ.

ಮಂಗಟ್ಟೆ ಹಕ್ಕಿಯ ಭಾಗ ನನಗೆ ಇಷ್ಟವಾಯಿತು, ಆದರೆ ಅವಸರದಲ್ಲಿ ಬರೆದಿದ್ದೀರಿ. ಅದು ರಾಂಪತ್ರೆ ಹಣ್ಣನ್ನು ನುಂಗಿ, ಬೀಜಕ್ಕೆ ಸುತ್ತಿದ ಕೆಂಪು ಪತ್ರೆಯನ್ನು ಅರಗಿಸಿಕೊಂಡು, ಬೀಜವನ್ನು ದೂರದಲ್ಲಿ ಕಕ್ಕುತ್ತದೆ. ಆ ಬೀಜ ಒಣಗಿದರೆ ಸತ್ತಂತೆಯೇ, ಬೇಗ ತೇವದ ನೆಲಕ್ಕೆ ಬೀಳಬೇಕು. ಮರಿ ಮಾಡಲು ಮಂಗಟ್ಟೆಗೆ ಹಳೆಯ ದೊಡ್ಡ ಮರದ ಪೊಟರೆಯೇ ಬೇಕು. ಕೆಲವೇ ವರ್ಷಕ್ಕೆ ಕಡಿಯುವ ಅಕೇಶಿಯಾ ತೋಪಿನಲ್ಲಿ ಅಂಥ ಪೊಟರೆ ಎಲ್ಲಿಂದ ಬರಬೇಕು? ಇಷ್ಟು ಹೇಳಿದರೆ ಓದುಗರು ತಾವೇ ಮುಂದಿನದನ್ನು ಊಹಿಸುತ್ತಾರೆ. ಅದರ ಬದಲು ‘ಮಂಗಟ್ಟೆ ಹೋದರೆ ಕಾಡೇ ಇಲ್ಲವಾಗುತ್ತದೆ’ ಎಂದಿದ್ದೀರಿ. ಹಾಗಲ್ಲ. ಕಾಡುಪಾರಿವಾಳವೂ ಆ ಹಣ್ಣನ್ನು ನುಂಗುತ್ತದೆ. ಹಕ್ಕಿ ಹೋದ ಮೇಲೂ ಮುದಿ ಮರಗಳು ಎಷ್ಟೋ ದಶಕ ಹಸಿರಾಗಿ ನಿಂತಿರುತ್ತವೆ, ಕಾಡು ಗಟ್ಟಿಯಾಗಿದೆ ಎಂದೇ ಅನಿಸುತ್ತದೆ. ಕಡಿಮೆಯಾಗುವುದು ತಾಯಿಮರದಿಂದ ದೂರದಲ್ಲಿ ಏಳಬೇಕಾದ ಸಸಿ. ಮುಂದಿನ ಸಲ ಊರಿಗೆ ಹೋದಾಗ ಮರ ನೋಡುವುದು ಬಿಟ್ಟು ನೆಲ ನೋಡಿ. ಸಸಿ ಇವೆಯೇ, ಎಲ್ಲಿವೆ ಎಂದು ಬರೆದು ತನ್ನಿ.

ಇನ್ನು ‘ಮಾನವ’ನ ವಿಷಯ. ಈ ಮಾತು ಹೇಳುವುದು ನನಗೂ ಕಷ್ಟ. ನಿಮ್ಮ ಲೇಖನದಲ್ಲಿ ತಪ್ಪೆಲ್ಲ ಮಾನವನದು, ಆದರೆ ಅವನಿಗೆ ಹೆಸರಿಲ್ಲ, ಮನೆಯಿಲ್ಲ, ಹಸಿವಿಲ್ಲ. ಜಡ್ಡಿಯನ್ನು ತೋಟ ಮಾಡಿದ್ದು ಅಜ್ಜನ ತಮ್ಮ ಎಂದು ಒಂದು ಕಡೆ ಬರೆದು, ಮೇಲೆ ಗೀರು ಎಳೆದಿದ್ದೀರಿ. ಗೀರಿನ ಕೆಳಗಿನ ಅಕ್ಷರ ಕಾಣುತ್ತದೆ. ಅದನ್ನು ಅಳಿಸಬೇಡಿ. ಮನೆಯವರನ್ನು ಕಟಕಟೆಗೆ ಹತ್ತಿಸಿ ಎನ್ನುತ್ತಿಲ್ಲ. ಹಿಸ್ಸೆಯಾಗಿ ತುಂಡಾದ ತೋಟ, ಸಂಸಾರ, ಸಾಲ, ಇವುಗಳ ನಡುವೆ ಒಬ್ಬರು ಗುದ್ದಲಿ ಹಿಡಿದ ಕಥೆ ಅದು. ಬೆಟ್ಟದ ಕಥೆಯೂ ಹಾಗೇ. ನಿಮ್ಮ ಜಿಲ್ಲೆಯಲ್ಲಿ ಎಕರೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನ ಬೆಟ್ಟ ಬಿಟ್ಟುಕೊಡುವ ಪದ್ಧತಿ ಬ್ರಿಟಿಷರ ಕಾಲದಿಂದ ಬಂದದ್ದು. ಸೊಪ್ಪು ಕಡಿದು, ಉದುರಿದ ಒಣ ಎಲೆಯ ದರಕು ಗುಡಿಸಿ ತಂದು ಕೊಟ್ಟಿಗೆಗೆ ಹಾಸಿ, ಗೊಬ್ಬರ ಮಾಡಿ ತೋಟಕ್ಕೆ ಹಾಕಿದರು. ತೋಟ ಬೆಳೆಯಿತು. ಅಳತೆ ಮೀರಿ ಸವರಿದ ಕಡೆ ಬೆಟ್ಟ ಸೊರಗಿತು. ಕಲ್ಲುಗುಡ್ಡದಂತಾದ ಜಾಗದಲ್ಲೂ ಬದುಕುತ್ತದೆ ಎಂದೇ ಅಕೇಶಿಯಾ ಅಲ್ಲಿಗೆ ಬಂತು. ಅದರ ದರಕು ಬೇಗ ಕೊಳೆಯುವುದಿಲ್ಲ, ಕೊಟ್ಟಿಗೆಗೂ ಒಲ್ಲ ಎನ್ನುತ್ತಾರೆ. ಇದನ್ನು ನನಗಿಂತ ನಿಮ್ಮ ಅಮ್ಮ ಚೆನ್ನಾಗಿ ಹೇಳಬಲ್ಲರು. ಲೇಖನದಲ್ಲಿ ಅವರ ಒಂದು ಮಾತೂ ಇಲ್ಲ.

ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ 2021ರ ಜುಲೈನಲ್ಲಿ ಗುಡ್ಡ ಕುಸಿದದ್ದನ್ನು ಒಂದೇ ಸಾಲಿನಲ್ಲಿ ಉದಾಹರಣೆ ಮಾಡಿದ್ದೀರಿ. ದಯವಿಟ್ಟು ತೆಗೆಯಿರಿ. ತೋಟ, ಮನೆ ಕಳೆದುಕೊಂಡವರು ಅಲ್ಲಿದ್ದಾರೆ. ಅಲ್ಲಿಗೆ ಹೋಗಿ ಕೇಳಿ ಬರೆಯುವುದಾದರೆ ಅದು ಬೇರೆಯೇ ಲೇಖನ.

ಭಾಷೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅಬ್ಬಿ, ದಬ್ಬೆ, ಕಾದಿಗೆ, ದರಕು ಎಂದು ಬರೆದಲ್ಲೆಲ್ಲ ನಿಮ್ಮ ವಾಕ್ಯ ತಾನಾಗಿ ನಡೆದಿದೆ. ‘ಜೀವವೈವಿಧ್ಯದ ಅವನತಿ’ ಬಂದಲ್ಲಿ ಮುಗ್ಗರಿಸಿದೆ. ಬಯಲುಸೀಮೆಯ ಓದುಗರಿಗೆ ಜಡ್ಡಿ ಎಂದರೆ ಗೊತ್ತಾಗದು ಎಂಬ ಅಂಜಿಕೆ ನಿಮಗಿರಬಹುದು. ಮೊದಲ ಸಲ ಬಂದಾಗ ಅಲ್ಲಿ ಕಾಲಿಟ್ಟರೆ ಏನಾಗುತ್ತದೆ ಎಂದು ಹೇಳಿಬಿಡಿ, ಸಾಕು.

1,200 ಪದಕ್ಕೆ ಮೀರದಂತೆ, ನಾಲ್ಕನೇ ಪುಟದಿಂದ ಶುರು ಮಾಡಿ ಬರೆಯಿರಿ. ಈಗಲೇ ಬೇಡ. ಮಳೆ ಮುಗಿದು ಹಳ್ಳ ತಿಳಿಯಾದ ಮೇಲೆ ಊರಿಗೆ ಹೋಗಿ, ನೀರು ನಿಲ್ಲುವವರೆಗೆ ಆಗಾಗ ಹೋಗಿ. ನಿಂತ ದಿನವನ್ನು ಗುರುತು ಹಾಕಿಕೊಳ್ಳಿ. ಅಜ್ಜನ ತಮ್ಮ ಇನ್ನೂ ಇದ್ದಾರೆ ಎಂದು ಬರೆದಿದ್ದೀರಿ. ಜಡ್ಡಿಗೆ ಮೊದಲ ಕಾದಿಗೆ ತೋಡಿದ ವರ್ಷ ಯಾವುದು, ಆವತ್ತು ನೀರು ಯಾವ ಕಡೆಗೆ ಹರಿಯಿತು ಎಂದು ಅವರ ಪಕ್ಕ ಕೂತು ಕೇಳಿ. ಲಕೋಟೆಯ ಮೇಲೆ ನನ್ನ ಹೆಸರು ಬರೆದು ಕಳಿಸಿ, ಬಂದ ದಿನವೇ ಓದುತ್ತೇನೆ.

ಪ್ರೀತಿಯಿಂದ,
ಸಂಪಾದಕ