ಬಟವಾಡೆ ಕೇಳುವ ಅಪ್ಪನಿಗೆ ಏನು ಹೇಳಬೇಕು?

(ಬಾಳೆಹೊನ್ನೂರು ಕಡೆಯ ಓದುಗರೊಬ್ಬರ ಪತ್ರದ ಸಾರ: ಕಾಫಿ ತೋಟದಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ಆಗಿದ್ದ ತಂದೆಗೆ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ. ಚಿಕ್ಕಮಗಳೂರಿನ ಹಿರಿಯರ ವಸತಿಗೃಹವೊಂದಕ್ಕೆ ಸೇರಿಸಿದ್ದಾರೆ. ಸಂಜೆಯಾದರೆ ‘ಬಟವಾಡೆ ಆಗಿಲ್ಲ, ಆಳುಗಳು ಕಾಯ್ತಿದ್ದಾರೆ’ ಎಂದು ಕೂಲಿ ಹಂಚಲು ಹೊರಡುತ್ತಾರೆ, ತಡೆದರೆ ಜಗಳ. ಸಿಬ್ಬಂದಿಯ ತರಬೇತಿ ಮತ್ತು ಚಟುವಟಿಕೆಗಳಿಗೆಂದು ಈಗ ಅಲ್ಲಿ ತಿಂಗಳ ಶುಲ್ಕ ಏರಿಸುತ್ತಿದ್ದಾರೆ. ‘ತಾಳ್ಮೆ ಇದ್ದರೆ ಸಾಲದೇ? ಬಲೂನು ಆಡಿಸಿದರೆ ಅಪ್ಪನ ಮರೆವು ಹೋಗುತ್ತದೆಯೇ?’ ಎಂದು ಕೇಳಿದ್ದಾರೆ.)

ಸೋದರಿ, ಮರೆವು ಹೋಗುವುದಿಲ್ಲ. ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ಅವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಆದರೆ ಆ ಸಂಜೆಯ ಜಗಳ ಕಡಿಮೆಯಾಗಬಹುದು. ತರಬೇತಿ ಬೇಕಾಗಿರುವುದು ಅದಕ್ಕೇ.

ನೀವು ಬರೆದ ಸಂಗತಿಯನ್ನೇ ನೋಡೋಣ. ಅವರನ್ನು ತಡೆದ ಆರೈಕೆಯ ಹುಡುಗಿ ಹೇಳಿದ್ದು, ‘ಎಲ್ಲಿಯ ತೋಟ ಅಜ್ಜ, ರಿಟೈರ್ ಆಗಿ ಎಷ್ಟೋ ವರ್ಷ ಆಯ್ತಲ್ಲ, ಸುಮ್ನೆ ಕೂತ್ಕೊಳಿ’ ಎಂದು. ಅವಳು ಗದರಲಿಲ್ಲ, ಸುಳ್ಳನ್ನೂ ಹೇಳಲಿಲ್ಲ. ಆದರೂ ನಿಮ್ಮ ತಂದೆ ಕೋಲೆತ್ತಿದರು. ಅವರ ಮಟ್ಟಿಗೆ ಅಂದು ಬಟವಾಡೆಯ ದಿನ. ವಾರವಿಡೀ ದುಡಿದವರು ಲೈನ್ ಮನೆಗಳಿಂದ ಬಂದು ಆಫೀಸಿನ ಮುಂದೆ ನಿಂತಿದ್ದಾರೆ, ಸಂತೆಗೆ ಹೊತ್ತಾಗುತ್ತಿದೆ, ಲೆಕ್ಕದ ಪುಸ್ತಕ ಇವರ ಕೈಯಲ್ಲಿದೆ. ಆ ಹೊತ್ತಿನಲ್ಲಿ ಗುರುತಿಲ್ಲದ ಯಾರೋ ಬಾಗಿಲಿಗೆ ಅಡ್ಡ ನಿಂತರೆ ಯಾರಿಗಾದರೂ ಸಿಟ್ಟು ಬರುತ್ತದೆ.

ತರಬೇತಿ ಆದವರು ಹಿಂದಿನಿಂದ ಬಂದು ಕೈ ಹಿಡಿಯುವುದಿಲ್ಲ. ಎದುರಿಗೆ ಬಂದು, ಮುಖ ಕಾಣುವಂತೆ ನಿಂತು, ಒಂದು ಸಲಕ್ಕೆ ಒಂದೇ ಮಾತಾಡುತ್ತಾರೆ: ‘ಇವತ್ತು ಎಷ್ಟು ಆಳು ಬಂದಿದ್ರು, ರೈಟರೇ?’ ಉತ್ತರಕ್ಕೆ ಕಾಯುತ್ತಾರೆ. ಉದ್ದನೆಯ ಪುಸ್ತಕ, ಪೆನ್ನು ಕೊಟ್ಟು ಮೇಜಿನ ಹತ್ತಿರ ಕೂರಿಸುತ್ತಾರೆ. ಹಸಿವೇ, ಮಂಡಿನೋವೇ, ಮೂತ್ರಕ್ಕೆ ಹೋಗಬೇಕೇ ಎಂದು ನೋಡುತ್ತಾರೆ. ಮಬ್ಬುಗತ್ತಲು ಕವಿಯುವ ಮೊದಲೇ ದೀಪ ಹಾಕುತ್ತಾರೆ, ಏಕೆಂದರೆ ಈ ಕಾಯಿಲೆಯಲ್ಲಿ ಸಂಜೆ ಹೊತ್ತಿನ ಚಡಪಡಿಕೆ ಬಹಳ ಮಂದಿಗೆ ಇರುತ್ತದೆ. ಒಂದೆರಡು ದಿನದಲ್ಲೇ ಗೊಂದಲ ದಿಢೀರನೆ ಹೆಚ್ಚಿದರೆ ಅದನ್ನು ‘ವಯಸ್ಸು’ ಎಂದು ಬಿಡದೆ ಡಾಕ್ಟರಿಗೆ ಹೇಳುತ್ತಾರೆ. ಮೂತ್ರದ ಸೋಂಕು, ಮಲಬದ್ಧತೆ, ಹೊಸದಾಗಿ ಕೊಟ್ಟ ಮಾತ್ರೆ, ಯಾವುದಾದರೂ ಕಾರಣವಿರಬಹುದು. ತಾಳ್ಮೆ ಇದ್ದವರಿಗೆಲ್ಲ ಇದು ತಾನಾಗಿ ಗೊತ್ತಿರುವುದಿಲ್ಲ, ಯಾರಾದರೂ ಹೇಳಿಕೊಡಬೇಕು.

ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಟಾಮ್ ಕಿಟ್‌ವುಡ್ 1990ರ ದಶಕದಲ್ಲೇ ಇದನ್ನು ಒತ್ತಿ ಹೇಳಿದ್ದರು. ರೋಗಿಯನ್ನು ಮಗುವಿನಂತೆ ನಡೆಸಿಕೊಳ್ಳುವುದು, ಅವರ ಎದುರೇ ಅವರಿಲ್ಲವೆಂಬಂತೆ ಮಾತಾಡುವುದು, ಅವಸರ ಮಾಡುವುದು, ಇವೆಲ್ಲ ಮಿದುಳಿನ ಹಾನಿಯಷ್ಟೇ ಅವರನ್ನು ಕುಗ್ಗಿಸುತ್ತವೆ ಎಂಬುದು ಅವರ ವಾದ. ನಮ್ಮ ಹಲವು ವೃದ್ಧಾಶ್ರಮಗಳಲ್ಲಿ ಪ್ರೀತಿಯಿಂದಲೇ ಈ ತಪ್ಪುಗಳು ನಡೆಯುತ್ತವೆ. ನನಗೆ ಹೆಚ್ಚು ಸಂಕಟ ತರುವುದು ಇನ್ನೊಂದು: ಗಲಾಟೆ ಮಾಡಿದವರಿಗೆ ಮಂಪರಿನ ಮಾತ್ರೆ ಕೊಟ್ಟು ಮಲಗಿಸುವುದು. ಮನೋರೋಗಕ್ಕೆ ಕೊಡುವ ಕೆಲವು ಮಾತ್ರೆಗಳು ಡಿಮೆನ್ಷಿಯಾ ಇರುವ ಹಿರಿಯರಲ್ಲಿ ಸಾವಿನ ಅಪಾಯ ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಎಚ್ಚರಿಸಿದೆ. ತಂದೆಗೆ ಯಾವ ಮಾತ್ರೆ ಕೊಡುತ್ತಿದ್ದಾರೆ, ಯಾವ ಡಾಕ್ಟರು ಬರೆದದ್ದು, ಎಷ್ಟು ದಿನಕ್ಕೆ ಎಂದು ಕೇಳಿ. ಕೇಳುವುದು ನಿಮ್ಮ ಹಕ್ಕು.

ಇನ್ನು ಬಲೂನಿನ ಮಾತು. ನಿಮ್ಮ ಬೇಸರ ಸರಿಯಾಗಿಯೇ ಇದೆ. ನೂರು ಜನ ಆಳುಗಳ ಲೆಕ್ಕ ಬರೆದ ಮನುಷ್ಯನ ಕೈಗೆ ಬಲೂನು ಕೊಟ್ಟರೆ ಅವಮಾನವಾಗುತ್ತದೆ. ಆದರೆ ಚಟುವಟಿಕೆ ಎಂದರೆ ಅಷ್ಟೇ ಅಲ್ಲ. ಆರಂಭದ ಮತ್ತು ಮಧ್ಯಮ ಹಂತದವರನ್ನು ಸಣ್ಣ ಗುಂಪಿನಲ್ಲಿ ಕೂರಿಸಿ, ವಾರಕ್ಕೆ ಎರಡು ಸಲದಂತೆ 7 ವಾರಗಳಲ್ಲಿ 14 ಸಲ, ಹಳೆಯ ನೆನಪು, ಅಡುಗೆ, ಹಾಡು, ಹಣದ ಲೆಕ್ಕ ಇಂಥ ವಿಷಯಗಳ ಮೇಲೆ ಮಾತಾಡಿಸುವ ಒಂದು ಕ್ರಮವಿದೆ. 2003ರಲ್ಲಿ ಪ್ರಕಟವಾದ ಬ್ರಿಟಿಷ್ ಅಧ್ಯಯನದಲ್ಲಿ ಅದರಿಂದ ನೆನಪು-ಯೋಚನೆಯ ಶಕ್ತಿ ಮತ್ತು ಬದುಕಿನ ನೆಮ್ಮದಿ ಎರಡರಲ್ಲೂ ಸ್ವಲ್ಪ ಸುಧಾರಣೆ ಕಂಡಿತ್ತು. ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಸಾಮಗ್ರಿಯ ಕೊರತೆಯೇ? ಒಣಗಿದ ಕಾಫಿ ಬೀಜ ಮೊರದಲ್ಲಿ ಹರವಿ ಕಪ್ಪುಬೀಜ, ಒಡಕು ಆರಿಸಲು ಕೊಡಲಿ (ಬಾಯಿಗೆ ಹಾಕಿಕೊಳ್ಳದಂತೆ ಒಬ್ಬರು ಪಕ್ಕದಲ್ಲಿರಬೇಕು). ನಿಮ್ಮ ತಂದೆ ಬಹುಶಃ ಕೂತು ಆರಿಸಲಿಕ್ಕಿಲ್ಲ, ರೈಟರಲ್ಲವೇ. ಬೇರೆಯವರು ಆರಿಸಿದ್ದನ್ನು ನೋಡಿ ತಪ್ಪು ತೆಗೆದಾರು. ತೆಗೆಯಲಿ, ಅದೂ ಚಟುವಟಿಕೆಯೇ.

ಇದು ನಿಮ್ಮೊಬ್ಬರ ಮನೆಯ ಕಷ್ಟವಲ್ಲ. 2023ರಲ್ಲಿ ಪ್ರಕಟವಾದ ಅಂದಾಜಿನಂತೆ ದೇಶದಲ್ಲಿ 60 ದಾಟಿದವರಲ್ಲಿ ಶೇ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ. ಆರೈಕೆ ಕಲಿಸುವವರು ಬೆಂಗಳೂರಿನಲ್ಲಿದ್ದಾರೆ: ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಇದೆ, ನಿಮ್ಹಾನ್ಸ್ ಇದೆ. 1992ರಲ್ಲಿ ಕೇರಳದಲ್ಲಿ ಶುರುವಾದ, ಡಿಮೆನ್ಷಿಯಾಕ್ಕೆಂದೇ ಇರುವ ಎಆರ್‌ಡಿಎಸ್‌ಐ ಎಂಬ ಸಂಸ್ಥೆಯೂ ಇದೆ. ವಸತಿಗೃಹದವರು ತರಬೇತಿಯನ್ನು ಯಾರಿಂದ ಕೊಡಿಸುತ್ತಾರೆ ಎಂದು ಕೇಳಿ. ಒಂದು ದಿನದ ಭಾಷಣ, ಗೋಡೆಗೊಂದು ಸರ್ಟಿಫಿಕೇಟು ಆದರೆ ಪ್ರಯೋಜನವಿಲ್ಲ. ರಾತ್ರಿ ಪಾಳಿಯವರಿಗೂ ಅಡುಗೆಯವರಿಗೂ ಕಲಿಸಬೇಕು, ಹೊಸಬರು ಬಂದಾಗಲೆಲ್ಲ ಮತ್ತೆ ಕಲಿಸಬೇಕು. ಹಿರಿಯರಿಗೆ ಸಂಬಂಧಿಸಿದ ಯಾವುದೇ ಸಲಹೆಗೆ 14567 ಸಹಾಯವಾಣಿ ಇದೆ.

ನೀವೂ ಒಂದು ಕೆಲಸ ಮಾಡಿ. ತಂದೆಯ ಬಗ್ಗೆ ಎರಡು ಪುಟ ಬರೆದುಕೊಡಿ: ಯಾವ ತೋಟ, ಯಾರು ಏನೆಂದು ಕರೆಯುತ್ತಿದ್ದರು, ಕಾಫಿಗೆ ಬೆಲ್ಲವೋ ಸಕ್ಕರೆಯೋ, ಯಾವುದಕ್ಕೆ ಹೆದರುತ್ತಾರೆ, ಯಾರ ಹೆಸರು ಹೇಳಿದರೆ ಮುಖ ಅರಳುತ್ತದೆ. ಒಂದು ಪ್ರತಿ ಆ ಹುಡುಗಿಯ ಕೈಗೇ ಕೊಡಿ. ಆಮೇಲೆ ಶುಲ್ಕದ ಮಾತಿಗೆ ಕೂತಾಗ, ಏರಿಸುವ ಹಣದಲ್ಲಿ ಅವಳ ಸಂಬಳಕ್ಕೆ ಎಷ್ಟು ಹೋಗುತ್ತದೆ ಎಂದೂ ಕೇಳಿ. ಕಲಿತವಳು ನಾಲ್ಕು ತಿಂಗಳಿಗೆ ಕೆಲಸ ಬಿಟ್ಟು ಹೋದರೆ ನಿಮ್ಮ ತಂದೆ ಮತ್ತೊಬ್ಬ ಗುರುತಿಲ್ಲದವರ ಕೈಗೆ ಬೀಳುತ್ತಾರೆ.

– ಸಂ.